ಊರಿಗೆ ಹೆಸರಿಡಲು ಬಿಡದ ಆಟ

ಆಟದ ವಿಚಾರವನ್ನು ಹಿರಿಯರು ಗಂಭೀರವಾಗಿ ಪರಿಗಣಿಸುವುದು ಕಡಿಮೆ. ಕ್ರಿಕೆಟಿನ ಮಾತು ಬೇರೆ. ಕಾಲೇಜು ಹುಡುಗರು ಕಂಪ್ಯೂಟರಿನ ಮುಂದೆ ಕುಳಿತು ಆಡುವ ಆಟದಲ್ಲಿ ಏನೋ ಕೊರತೆಯಾಯಿತೆಂದು ಬೇಸರಪಟ್ಟುಕೊಂಡರೆ, 'ಓದು ಬಿಟ್ಟು ಇದೊಂದು ಗೋಳು' ಎಂದು ಮನೆಯವರು ಗದರುವುದೇ ವಾಡಿಕೆ. ಆದರೆ 2025ರ ಫೆಬ್ರವರಿಯಲ್ಲಿ ಬಿಡುಗಡೆಯಾದ ಒಂದು ಆಟದ ಕುರಿತು ಜಗತ್ತಿನ ನಾನಾ ಕಡೆಗಳಿಂದ ಎದ್ದ ಅಸಮಾಧಾನವನ್ನು ಗಮನಿಸಿದಾಗ, ಗಡಿನಾಡಿನ ಕನ್ನಡ ಕುಟುಂಬಗಳು ಯೋಚಿಸತಕ್ಕ ಸಂಗತಿಯೊಂದು ಅದರಲ್ಲಿ ಅಡಗಿದೆಯೆಂದು ನಮಗೆ ತೋರಿತು. ಆ ಅಸಮಾಧಾನಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದು ಇದು: ಆಟದಲ್ಲಿ ತಾನೇ ಕಟ್ಟಿದ ಊರಿಗೆ ತನಗೆ ಬೇಕಾದ ಹೆಸರಿಡಲು ಆಟಗಾರನಿಗೆ ಅವಕಾಶವಿರಲಿಲ್ಲ.

ಊರ ಹೆಸರಿನ ಬೆಲೆಯೇನೆಂದು ಕಾಸರಗೋಡಿನ ಕನ್ನಡಿಗರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. 2021ರ ಜೂನ್ ತಿಂಗಳಲ್ಲಿ ಮಧೂರು ಮಧುರಂ ಆಗುತ್ತದೆ, ಮಲ್ಲ ಮಲ್ಲಂ ಆಗುತ್ತದೆ ಎಂಬ ಸುದ್ದಿ ಹಬ್ಬಿದ್ದೂ, ಕರ್ನಾಟಕದಿಂದ ಪತ್ರಗಳು ಹೋದದ್ದೂ, ಅಂತಹ ತೀರ್ಮಾನವೇನೂ ಇಲ್ಲವೆಂದು ಕೇರಳದ ಮುಖ್ಯಮಂತ್ರಿಗಳು ತಿಳಿಸಿದ್ದೂ ಓದುಗರಿಗೆ ನೆನಪಿರಬಹುದು. ಆ ಚರ್ಚೆಯನ್ನು ಇಲ್ಲಿ ಮತ್ತೆ ಎತ್ತುವ ಉದ್ದೇಶ ನಮಗಿಲ್ಲ. ಹೆಸರಿಡುವ ಮತ್ತು ನಿಯಮ ತಿದ್ದುವ ಹಕ್ಕು ಆಟದಲ್ಲಾದರೂ ಯಾರದಾಗಿರಬೇಕು ಎಂಬುದಷ್ಟೇ ಇಂದಿನ ವಿಷಯ.

ಏನಿದು ಆಟ?

ಆಟದ ಹೆಸರು 'ಸಿವಿಲೈಸೇಶನ್', ಅಂದರೆ ನಾಗರಿಕತೆ. ಅಮೆರಿಕದ ಸಿಡ್ ಮೈಯರ್ ಎಂಬವರು ಬ್ರೂಸ್ ಶೆಲ್ಲಿ ಎಂಬವರ ಜೊತೆಗೂಡಿ ರೂಪಿಸಿದ ಇದು ಮೊದಲು ಹೊರಬಂದದ್ದು 1991ರಲ್ಲಿ. ಗುಂಡು ಹಾರಿಸಿ ಓಡುವ ಆಟ ಇದಲ್ಲ. ಚದುರಂಗದಂತೆ ಒಬ್ಬರ ಸರದಿ ಮುಗಿದ ಮೇಲೆ ಇನ್ನೊಬ್ಬರ ಸರದಿ. ಬರಿಯ ನೆಲದಲ್ಲಿ ಒಂದು ಊರು ಕಟ್ಟಬೇಕು. ಹೊಲ ಗದ್ದೆ ಮಾಡಬೇಕು, ಅಕ್ಷರ ಕಲಿಯಬೇಕು, ಚಕ್ರ ಕಂಡುಹಿಡಿಯಬೇಕು, ನೆರೆಯವರೊಡನೆ ವ್ಯಾಪಾರವನ್ನೋ ಯುದ್ಧವನ್ನೋ ನಡೆಸಬೇಕು. ಹೀಗೆ ಸಾವಿರಾರು ವರ್ಷಗಳ ಚರಿತ್ರೆಯನ್ನು ಕೆಲವು ರಾತ್ರಿಗಳಲ್ಲಿ ಆಡಿ ಮುಗಿಸುವ ತಂತ್ರದ ಆಟ ಇದು.

1996ರಲ್ಲಿ ಎರಡನೆಯದು, 2001ರಲ್ಲಿ ಮೂರನೆಯದು, 2005, 2010, 2016ರಲ್ಲಿ ಮುಂದಿನವು, ಹೀಗೆ ಆರು ಆವೃತ್ತಿಗಳು ಬಂದವು. ಒಂದಕ್ಕಿಂತ ಒಂದು ಚೆಲುವಾದದ್ದು ನಿಜವಾದರೂ ಆಟವು ಇಷ್ಟು ವರ್ಷ ಉಳಿದದ್ದಕ್ಕೆ ಚೆಲುವು ಮಾತ್ರ ಕಾರಣವಲ್ಲ. ಮೊದಲ ಆಟದಲ್ಲಿಯೇ ಊರು ಕಟ್ಟಿದೊಡನೆ ಅದರ ಹೆಸರೇನೆಂದು ಕೇಳುವ ಕ್ರಮವಿತ್ತು; ಯಂತ್ರ ಸೂಚಿಸಿದ ಹೆಸರನ್ನು ಅಳಿಸಿ ನಮ್ಮದನ್ನು ಬರೆಯಬಹುದಿತ್ತು. ಎರಡನೆಯ ಆಟದ ನಿಯಮಗಳು ಸಾಮಾನ್ಯ ಬರಹದ ಕಡತವೊಂದರಲ್ಲಿದ್ದವು. ಸ್ವಲ್ಪ ತಾಳ್ಮೆಯುಳ್ಳ ಯಾರಾದರೂ ಅದನ್ನು ತೆರೆದು, ಕುದುರೆ ಸವಾರನ ಬಲವೆಷ್ಟು, ಕೋಟೆಯ ಖರ್ಚೆಷ್ಟು ಎಂಬುದನ್ನು ತಿದ್ದಿಕೊಳ್ಳಬಹುದಿತ್ತು. ಮುಂದಿನ ಆವೃತ್ತಿಗಳಲ್ಲಿ ಆಟಗಾರರೇ ಹೊಸ ನಕ್ಷೆ, ಹೊಸ ನಾಡು, ಹೊಸ ಅರಸರನ್ನು ಸೇರಿಸಿ ಪರಸ್ಪರ ಹಂಚಿಕೊಂಡರು. ಮಾಡಿದವರ ಆಟ ಕ್ರಮೇಣ ಆಡಿದವರ ಆಟವೂ ಆಯಿತು.

ಬಾರದೆ ಹೋದದ್ದೇನು?

ಏಳನೆಯ ಆಟವನ್ನು ಫೈರಾಕ್ಸಿಸ್ ಸಂಸ್ಥೆಯು 2025ರ ಫೆಬ್ರವರಿ 11ರಂದು ಬಿಡುಗಡೆ ಮಾಡಿತು. ಕಂಪ್ಯೂಟರಿಗೂ, ಟೀವಿಗೆ ಜೋಡಿಸುವ ಆಟದ ಯಂತ್ರಗಳಿಗೂ ಒಂದೇ ದಿನ. ಆಗ ಅಮೆರಿಕದಲ್ಲಿ ಬೆಲೆ ಸುಮಾರು 70 ಡಾಲರ್ ಇತ್ತು. ನೋಡಲು ಬಹಳ ಸುಂದರ. ನದಿ, ಬೆಟ್ಟ, ಗೋಪುರಗಳೆಲ್ಲ ಕೈಯಲ್ಲಿ ಕೆತ್ತಿದ ಬೊಂಬೆಗಳಂತಿವೆ. ಅಶೋಕ ಚಕ್ರವರ್ತಿ ಅದರಲ್ಲೊಬ್ಬ ನಾಯಕ. ಮೌರ್ಯರಿದ್ದಾರೆ, ಚೋಳರಿದ್ದಾರೆ, ಮೊಗಲರಿದ್ದಾರೆ.

ಆದರೆ ಹಳೆಯ ಆಟದ ಅಭ್ಯಾಸವಿದ್ದವರು ಕುಳಿತು ಆಡತೊಡಗಿದಾಗ ಒಂದೊಂದಾಗಿ ಮುಚ್ಚಿದ ಬಾಗಿಲುಗಳು ಎದುರಾದವು. ಹಿಂದೆ ದೊಡ್ಡದು, ಅತಿ ದೊಡ್ಡದು ಎಂದು ನಕ್ಷೆಯನ್ನು ಆರಿಸಿಕೊಳ್ಳಬಹುದಿತ್ತು. ಈಗ ಮಧ್ಯಮ ಗಾತ್ರಕ್ಕಿಂತ ದೊಡ್ಡ ನಕ್ಷೆಯೇ ಇರಲಿಲ್ಲ. ಗೆದ್ದ ಮೇಲೆಯೂ 'ಇನ್ನೊಂದು ಸರದಿ' ಎಂದು ಆಡುತ್ತ ಹೋಗುವ ಹಳೆಯ ಅನುಕೂಲವಿರಲಿಲ್ಲ. ಒಂದೇ ಯಂತ್ರದ ಮುಂದೆ ಅಣ್ಣತಮ್ಮಂದಿರಿಬ್ಬರು ಸರದಿಯಂತೆ ಕುಳಿತು ಆಡುವ ಕ್ರಮ ಇರಲಿಲ್ಲ. ಆಟವನ್ನು ಪ್ರಾಚೀನ, ಅನ್ವೇಷಣೆಯ, ಆಧುನಿಕ ಎಂದು ಮೂರು ಯುಗಗಳಾಗಿ ಸೀಳಿ, ಯುಗ ಬದಲಾದಾಗಲೆಲ್ಲ ಆಟಗಾರನು ನಾಡನ್ನೇ ಬದಲಾಯಿಸಬೇಕೆಂದು ವಿಧಿಸಲಾಗಿತ್ತು. ಮೌರ್ಯರಾಗಿ ಹೊರಟವರು, ಉದಾಹರಣೆಗೆ, ಮುಂದೆ ಚೋಳರಾಗಿ, ಕೊನೆಗೆ ಮೊಗಲರಾಗಿ ಮುಗಿಸಬೇಕಾಗಿತ್ತು. ಮೌರ್ಯರಾಗಿಯೇ ಉಳಿಯುತ್ತೇನೆಂದರೆ ಆಗ ಬಿಡುವಂತಿರಲಿಲ್ಲ. ಇವೆಲ್ಲದರ ಮೇಲೆ, ಊರಿಗೆ ಯಂತ್ರ ಕೊಟ್ಟದ್ದೇ ಹೆಸರು.

ತಯಾರಕರ ಕಡೆಯ ಮಾತನ್ನೂ ಹೇಳಬೇಕು. ಬಹುಮಂದಿ ಆಟವನ್ನು ಅರ್ಧದಲ್ಲೇ ಬಿಟ್ಟೇಳುತ್ತಾರೆ, ಯುಗಗಳಾಗಿ ವಿಭಾಗಿಸಿದರೆ ಕೊನೆಮುಟ್ಟುವುದು ಸುಲಭವಾಗುತ್ತದೆ ಎಂಬುದು ಅವರ ವಾದವಾಗಿತ್ತು. ಆಯ್ಕೆಗಳು ಹೆಚ್ಚಿದಷ್ಟೂ ಎಲ್ಲವನ್ನೂ ಪರೀಕ್ಷಿಸಿ ಸರಿದೂಗಿಸುವ ಕೆಲಸ ಹೆಚ್ಚುತ್ತದೆ ಎಂಬುದೂ ಸುಳ್ಳಲ್ಲ. ಆದರೂ ಕೊಂಡವರ ಅಭಿಪ್ರಾಯಗಳಲ್ಲಿ ಮೆಚ್ಚುಗೆಯಷ್ಟೇ ನಿರಾಶೆಯೂ ತುಂಬಿಕೊಂಡಿತು. ಹೊಸ ಮನೆ ಕಟ್ಟಿಸಿಕೊಟ್ಟವರು 'ಒಂದು ಮೊಳೆ ಹೊಡೆಯುವ ಹಾಗಿಲ್ಲ, ದೇವರ ಪಟ ನೇತುಹಾಕುವ ಹಾಗಿಲ್ಲ' ಎಂದರೆ ಒಕ್ಕಲಿಗೆ ಬಂದವರಿಗೆ ಹೇಗಾದೀತೋ ಹಾಗೆ.

ಉರುಕುಂದದ ನೆಲದ ಮೇಲೆ

ಈ ನಿರಾಶೆಯ ಬೇರನ್ನು ಅರಿಯಬೇಕಾದರೆ ಕಂಪ್ಯೂಟರಿನಿಂದ ಎದ್ದು, ನಮ್ಮಂತೆಯೇ ಗಡಿಯಾಚೆ ಉಳಿದ ಇನ್ನೊಂದು ಕನ್ನಡ ಸೀಮೆಗೆ ಹೋಗಬೇಕು. ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ಪಶ್ಚಿಮದಲ್ಲಿ, ತುಂಗಭದ್ರೆಯ ದಕ್ಷಿಣಕ್ಕೆ, ಆದವಾನಿ ಸೀಮೆಯ ಕೌತಾಳಂ ಮಂಡಲದಲ್ಲಿ ಉರುಕುಂದವೆಂಬ ಊರಿದೆ. ನರಸಿಂಹಸ್ವಾಮಿಯು ಈರಣ್ಣನೆಂಬ ಹೆಸರಿನಿಂದ ಅಲ್ಲಿ ಪೂಜೆಗೊಳ್ಳುತ್ತಾನೆ. ಶ್ರಾವಣ ಮಾಸ ಬಂತೆಂದರೆ ರಾಯಚೂರು, ಬಳ್ಳಾರಿ ಕಡೆಯಿಂದ ಜನ ಕುಟುಂಬ ಸಮೇತ ಬಂದಿಳಿಯುತ್ತಾರೆ. ಕನ್ನಡ, ತೆಲುಗು ಎರಡೂ ಅಲ್ಲಿ ಒಂದೇ ಬಾಯಲ್ಲಿ ಬರುತ್ತವೆ.

ಆ ಸೀಮೆಯ ಚರಿತ್ರೆ ನಮಗೆ ಅಪರಿಚಿತವಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಹತ್ತು ತಾಲೂಕುಗಳಲ್ಲಿ ಏಳು ಮೈಸೂರಿಗೆ ಸೇರಿದವು. ಆದವಾನಿ, ಆಲೂರು, ರಾಯದುರ್ಗ ಎಂಬ ಮೂರು ಆಂಧ್ರಕ್ಕೆ ಹೋದವು. ಮೂರು ವರ್ಷ ಕಳೆದು 1956ರ ನವೆಂಬರ್ 1ರಂದು ನಮ್ಮ ಕಾಸರಗೋಡಿಗೆ ಆದದ್ದೂ ಅದೇ ಬಗೆಯದು.

ಪರಿಚಯದ ಕುಟುಂಬವೊಂದರ ಜೊತೆ ನಾವು ಒಂದು ಶ್ರಾವಣದಲ್ಲಿ ಉರುಕುಂದಕ್ಕೆ ಹೋಗಿದ್ದಾಗ, ರಾತ್ರಿ ಊಟ ಮುಗಿಸಿದ ಮೇಲೆ ಮನೆಯ ಹಿರಿಯರು ಸೀಮೆಸುಣ್ಣದಿಂದ ನೆಲದ ಮೇಲೆ ಒಂದು ದೊಡ್ಡ ತ್ರಿಕೋನ ಬರೆದು, ನೆತ್ತಿಯಿಂದ ಬುಡಕ್ಕೆ ಗೆರೆಗಳನ್ನೆಳೆದು, ಅಡ್ಡ ಗೆರೆಗಳನ್ನು ಕೂಡಿಸಿದರು. ಹುಲಿ-ಕುರಿ ಆಟದ ಮನೆ ಸಿದ್ಧವಾಯಿತು. ಕಲ್ಲಿನ ಚೂರುಗಳು ಹುಲಿ, ಹುಣಸೆಬೀಜಗಳು ಕುರಿ. ಸಾಧಾರಣವಾಗಿ ಮೂರು ಹುಲಿ, ಹದಿನೈದು ಕುರಿ. ಕುರಿಯವನು ಒಂದೊಂದೇ ಕುರಿಯನ್ನು ಗೆರೆಗಳು ಕೂಡುವ ಜಾಗದಲ್ಲಿ ಇಡುತ್ತ ಬರಬೇಕು. ಎಲ್ಲವನ್ನೂ ಇಟ್ಟು ಮುಗಿಯುವವರೆಗೆ ಕುರಿ ನಡೆಯುವಂತಿಲ್ಲ. ಹುಲಿ ಪಕ್ಕದ ಕುರಿಯ ಮೇಲಿಂದ ಆಚೆಯ ಖಾಲಿ ಜಾಗಕ್ಕೆ ನೆಗೆದರೆ ಆ ಕುರಿ ಸತ್ತಂತೆ. ಹುಲಿಗಳೆಲ್ಲ ಅಲುಗಾಡದಂತೆ ಕಟ್ಟಿಹಾಕಿದರೆ ಕುರಿ ಗೆದ್ದಂತೆ. ಬಲವಿಲ್ಲದವರು ಒಟ್ಟಾಗಿ ನಿಂತು ಬಲವುಳ್ಳವರನ್ನು ಕಟ್ಟಿಹಾಕುವ ಈ ಆಟವನ್ನು ತೆಲುಗರು ಪುಲಿ-ಮೇಕ ಎನ್ನುತ್ತಾರೆ, ತಮಿಳರು ಆಡು-ಪುಲಿ ಎನ್ನುತ್ತಾರೆ. ನಮ್ಮ ತುಳುವಿನಲ್ಲಿ ಹುಲಿ ಪಿಲಿಯಾಗುತ್ತದೆ.

ಆಟ ಆರಂಭವಾಗುವ ಮೊದಲು ನಡೆದ ಮಾತುಕತೆ ನಮ್ಮ ಗಮನ ಸೆಳೆಯಿತು.

'ಮೂರು ಹುಲಿಯೋ, ನಾಕು ಹುಲಿಯೋ ತಾತ?' ಎಂದ, ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವ ಮೊಮ್ಮಗ.

'ಮೂರೇ ಇರ್ಲಿ ತಮ್ಮಾ. ಒಂದು ಸರತಿಗೆ ಒಂದೇ ಕುರಿ ತಿನ್ನಬೇಕು.'

'ನಮ್ಮ ಸೋದರಮಾವನೂರಾಗ ಎರಡು ತಿಂತೈತಿ.'

'ಅದು ಅವರೂರಿನ ಹುಲಿ. ಇದು ನಮ್ಮೂರಿಂದು' ಎಂದರು ಹಿರಿಯರು. ಸುತ್ತ ಕುಳಿತವರೆಲ್ಲ ನಕ್ಕರು. ಕೊನೆಗೆ ಮೊದಲ ಆಟ ಈ ಊರಿನಂತೆ, ಎರಡನೆಯದು ಮಾವನ ಊರಿನಂತೆ ಎಂದು ಒಪ್ಪಂದವಾಯಿತು.

ಇದೇ ಆಟ ಫೋನಿನಲ್ಲಿಯೂ ಇದೆಯೆಂದು ಹುಡುಗ ತೋರಿಸಿದ. ಬಣ್ಣಬಣ್ಣದ ಹುಲಿ ಗರ್ಜಿಸುತ್ತದೆ, ಕುರಿ ಅರಚುತ್ತದೆ. 'ಆದ್ರೆ ಇದರಾಗ ಕೇಳಂಗಿಲ್ರಿ. ಮೂರು ಅಂದ್ರ ಮೂರೇ. ಯಾರ ಕೂಡ ಮಾತಾಡಿ ಬದಲಾಯಿಸ್ಲಿ?' ಎಂದ. ಹುಡುಗನ ಆ ಪ್ರಶ್ನೆಯಲ್ಲಿ ಏಳನೆಯ ಸಿವಿಲೈಸೇಶನಿನ ಇಡೀ ತಕರಾರು ಅಡಗಿದೆಯೆಂದು ನಮಗನಿಸಿತು.

ಹೆಸರಿನ ಮಾತು ಬಂದಾಗ ಅವನು ಇನ್ನೊಂದು ವಿಷಯ ಹೇಳಿದ. ಹಳೆಯ ಆಟಗಳಲ್ಲಿ ತಾನು ಕಟ್ಟಿದ ಮೊದಲ ಊರಿಗೆ ಯಾವಾಗಲೂ ಉರುಕುಂದವೆಂದೂ, ಎರಡನೆಯದಕ್ಕೆ ಆದವಾನಿಯೆಂದೂ ಇಂಗ್ಲಿಷ್ ಅಕ್ಷರಗಳಲ್ಲಾದರೂ ಬರೆಯುತ್ತಿದ್ದನಂತೆ. ಇದು ಬರಿಯ ಹುಡುಗಾಟಿಕೆಯೆಂದು ನಮಗೆ ಅನಿಸಲಿಲ್ಲ. ಅಶೋಕನ ಶಾಸನಗಳು ಕರ್ನೂಲು ಜಿಲ್ಲೆಯ ಎರ್ರಗುಡಿಯ ಬಂಡೆಗಳ ಮೇಲಿವೆ. ಅಶೋಕನೆಂಬ ಹೆಸರನ್ನೇ ಹೊತ್ತ ಶಾಸನ 1915ರಲ್ಲಿ ಬೆಳಕಿಗೆ ಬಂದದ್ದು ನದಿಯಾಚೆಯ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಆ ಚಕ್ರವರ್ತಿಯ ಅಕ್ಷರ ತಮ್ಮ ನೆಲದ ಕಲ್ಲಿನ ಮೇಲಿರುವಾಗ, ಆಟದೊಳಗಿನ ಅಶೋಕನ ರಾಜ್ಯದಲ್ಲಿ ತಮ್ಮದೂ ಒಂದು ಊರಿರಲಿ ಎಂದು ಆ ಕಡೆಯ ಹುಡುಗನಿಗೆ ಅನಿಸುವುದು ಸಹಜವೇ ಆಗಿದೆ.

ಆದವಾನಿಗಂತೂ ಹೆಸರು ಕಳೆದುಕೊಂಡ ಅನುಭವವೇ ಇದೆ. ಔರಂಗಜೇಬನ ಸೈನ್ಯ 17ನೆಯ ಶತಮಾನದ ಕೊನೆಯ ಭಾಗದಲ್ಲಿ ಅದನ್ನು ಬಿಜಾಪುರದವರಿಂದ ಗೆದ್ದ ಮೇಲೆ ಇಮ್ತಿಯಾಜಗಡವೆಂದು ಹೆಸರಿಟ್ಟಿತು. ಆ ಹೆಸರಿನಲ್ಲಿ ನಾಣ್ಯಗಳೂ ಟಂಕಿಸಲ್ಪಟ್ಟವು. ನಾಣ್ಯಗಳು ಸಂಗ್ರಹಗಳಲ್ಲಿ ಉಳಿದಿವೆ. ಹೊಸ ಹೆಸರು ಮಾತ್ರ ಜನರ ನಾಲಗೆಯ ಮೇಲೆ ನಿಲ್ಲಲಿಲ್ಲ. ಆ ಊರು ಕನ್ನಡಿಗರಿಗೆ ಆದವಾನಿ, ತೆಲುಗರಿಗೆ ಆದೋನಿ. ಕರೆಯುವವರು ಕರೆದದ್ದೇ ಉಳಿಯಿತು.

ಮನೆಗೊಂದು ನಿಯಮ

ನಮ್ಮ ಕಡೆಗೆ ಬಂದರೆ ಚೆನ್ನೆಮಣೆಯಿದೆ. ಏಳೇಳರಂತೆ ಎರಡು ಸಾಲು, ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ. ಆಟಿ ತಿಂಗಳ ಬಿಡದ ಮಳೆಯಲ್ಲಿ ಹೊರಗೆ ಕೆಲಸವಿಲ್ಲದಾಗ ಅಟ್ಟದಿಂದ ಇಳಿಯುವ ಈ ಮಣೆಯ ಮೇಲೆ ಆಡುವ ಆಟ ಒಂದೇ ಅಲ್ಲ. ಒಬ್ಬರೇ ಕುಳಿತು ಆಡುವ ಸೀತೆ ಆಟವಿದೆ, ಜೋಡುಪೆರ್ಗವಿದೆ, ಇನ್ನೂ ಹಲವು ಬಗೆಗಳಿವೆ. ಸಿರಿ ಪಾಡ್ದನದ ಅಬ್ಬಗ-ದಾರಗರೆಂಬ ಅವಳಿ ಸೋದರಿಯರು ಚೆನ್ನೆಯಾಡುತ್ತ ಜಗಳವಾಗಿ ಪ್ರಾಣ ಕಳೆದುಕೊಂಡ ಕಥೆ ಕೇಳಿದವರು, ಅಕ್ಕತಂಗಿಯರು ಎದುರುಬದುರು ಕುಳಿತು ಚೆನ್ನೆಯಾಡಬಾರದೆಂಬ ನಿಯಮವನ್ನೂ ಕೇಳಿರುತ್ತಾರೆ. ಮರದ ಮಣೆ ಅದೇ. ನಿಯಮ ಬಂದದ್ದು ಜನರ ಬದುಕಿನಿಂದ, ಭಯದಿಂದ, ವಾತ್ಸಲ್ಯದಿಂದ. ಇದೇ ಆಟ ಘಟ್ಟದ ಮೇಲೆ ಅಳಗುಳಿಮಣೆಯಾಗಿ, ತೆಲುಗಿನಲ್ಲಿ ವಾಮನಗುಂಟಲು ಆಗಿ ಬೇರೆ ಬೇರೆ ಲೆಕ್ಕಗಳಲ್ಲಿ ನಡೆಯುತ್ತದೆ.

ಚೌಕಾಬಾರದ ಮಾತೂ ಅಷ್ಟೇ. ಐದು ಮನೆಯ ಚೌಕವೋ ಏಳು ಮನೆಯದೋ, ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗಬಹುದೋ ಬಾರದೋ, ಜೋಡಿ ಕಾಯಿಯನ್ನು ಒಂಟಿ ಕಾಯಿ ಹೊಡೆಯಬಹುದೋ ಎಂಬುದನ್ನೆಲ್ಲ ಕವಡೆ ಎಸೆಯುವ ಮೊದಲು ಕುಳಿತವರೇ ತೀರ್ಮಾನಿಸಿಕೊಳ್ಳುತ್ತಾರೆ. ಅರಸರೂ ಇದಕ್ಕೆ ಹೊರತಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಇದ್ದ ಆಟಗಳಿಂದ ತೃಪ್ತರಾಗದೆ ಹೊಸ ಹೊಸ ಹಾಸುಗಳನ್ನು ತಾವೇ ರೂಪಿಸಿದರು. ಅರಮನೆಯಲ್ಲಿ ಅರಸರು ಮಾಡಿದ್ದನ್ನೇ ಜಗಲಿಯ ಮೇಲೆ ಅಜ್ಜಿಯರೂ ಮಾಡುತ್ತಿದ್ದರು.

ಒಂದೇ ನಿಯಮದ ಲಾಭ

ಹಾಗೆಂದು ಎಲ್ಲರಿಗೂ ಒಂದೇ ನಿಯಮವಿರುವುದು ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಚದುರಂಗವನ್ನೇ ನೋಡೋಣ. ನಮ್ಮ ದೇಶದ ಹಳೆಯ ಪದ್ಧತಿಯಲ್ಲಿ ಪದಾತಿಯು ಮೊದಲ ನಡೆಯಲ್ಲೂ ಒಂದೇ ಮನೆ ಸರಿಯುತ್ತಿತ್ತು. ರಾಜನು ಒಂದು ಸಲ ಕುದುರೆಯಂತೆ ನೆಗೆಯಬಹುದಿತ್ತು. ಪಂಜಾಬಿನ ಸುಲ್ತಾನ್ ಖಾನ್ ಈ ಪದ್ಧತಿಯಲ್ಲಿ ಕಲಿತು, ಅನಂತರ ಯೂರೋಪಿನ ನಿಯಮಗಳನ್ನು ಅಭ್ಯಸಿಸಿ, 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಪದವಿಯನ್ನು ಗೆದ್ದರು. ಜಗತ್ತಿಗೆಲ್ಲ ಒಂದೇ ನಿಯಮವಿದ್ದುದರಿಂದಲೇ 2024ರ ಡಿಸೆಂಬರಿನಲ್ಲಿ ಚೆನ್ನೈಯ ಗುಕೇಶ್ ಹದಿನೆಂಟನೆಯ ವಯಸ್ಸಿನಲ್ಲಿ ವಿಶ್ವ ಚಾಂಪಿಯನ್ ಆಗಲು ಸಾಧ್ಯವಾಯಿತು. ದೂರದವರೊಡನೆ ಆಡಬೇಕಾದರೆ ಸಮಾನ ನಿಯಮ ಬೇಕು. ಮನೆಯವರೊಡನೆ ಆಡುವಾಗ ಮನೆಯ ನಿಯಮ ಇರಬೇಕು.

ಎರಡಕ್ಕೂ ಎಡೆಯಿರುವುದೇ ಒಳ್ಳೆಯ ಆಟದ ಲಕ್ಷಣ. ಹಳೆಯ ಸಿವಿಲೈಸೇಶನ್‌ಗಳಲ್ಲಿ ಅದಿತ್ತು: ಏನನ್ನೂ ಮುಟ್ಟದೆ ತಯಾರಕರು ಕೊಟ್ಟಂತೆಯೇ ಆಡಬಹುದಿತ್ತು, ಬೇಕೆಂದವರು ತಿದ್ದಿಕೊಳ್ಳಬಹುದಿತ್ತು. ಬಿಡುಗಡೆಯ ದಿನದ ಏಳನೆಯದರಲ್ಲಿ ಈ ಎರಡನೆಯ ಭಾಗ ಸೊರಗಿತ್ತು. ಹೊಸತನವನ್ನು ಒಪ್ಪದವರ ಗೊಣಗಾಟವೆಂದು ಇದನ್ನು ತಳ್ಳಿಹಾಕುವಂತಿಲ್ಲ. ಮೂವತ್ತು ವರ್ಷ ತಮ್ಮದೂ ಒಂದು ಪಾಲಿದ್ದ ಆಸ್ತಿಯಲ್ಲಿ ಪಾಲು ಇಲ್ಲವೆಂದು ತಿಳಿದವರ ನೋವು ಇದು.

ಕೇಳಿದವರಿಗೆ ಸಿಕ್ಕಿತು

ಮುಂದಿನ ಬೆಳವಣಿಗೆಯನ್ನು ಓದುಗರು ಗಮನಿಸಬೇಕೆಂದು ನಮ್ಮ ವಿನಂತಿ. ನಿರಾಶರಾದ ಆಟಗಾರರು ಸುಮ್ಮನೆ ಆಟವನ್ನು ಮೂಲೆಗಿಡಲಿಲ್ಲ. ಏನಿಲ್ಲ, ಏನು ಬೇಕು ಎಂಬುದನ್ನು ಒಂದೊಂದಾಗಿ ಬರೆದು ತಿಳಿಸಿದರು. ಸಂಸ್ಥೆಯೂ ಕಿವುಡಾಗಿ ಕುಳಿತುಕೊಳ್ಳಲಿಲ್ಲ. ಮಾರ್ಚ್ ತಿಂಗಳ ಕೊನೆಯ ವಾರದಲ್ಲಿಯೇ ಊರುಗಳಿಗೆ ಬೇಕಾದ ಹೆಸರಿಡುವ ಅನುಕೂಲ ಬಂತು. ಏಪ್ರಿಲಿನಲ್ಲಿ 'ಇನ್ನೊಂದು ಸರದಿ' ಮರಳಿತು. ಜೂನ್ ತಿಂಗಳಲ್ಲಿ ದೊಡ್ಡ ನಕ್ಷೆಗಳೂ, ಆಟಗಾರರು ತಾವು ಮಾಡಿದ ಮಾರ್ಪಾಡುಗಳನ್ನು ಸುಲಭವಾಗಿ ಹಂಚಿಕೊಳ್ಳುವ ವ್ಯವಸ್ಥೆಯೂ ಸೇರಿಕೊಂಡವು. ನಾಲ್ಕೇ ತಿಂಗಳಲ್ಲಿ ಮುಚ್ಚಿದ್ದ ಹಲವು ಬಾಗಿಲುಗಳು ತೆರೆದವು.

ಆದರೆ ಒಂದು ಬಾಗಿಲನ್ನು ತಟ್ಟಿದವರು ಕಡಿಮೆ. ಆಟದಲ್ಲಿ ಅಶೋಕನಿದ್ದರೂ, ಚೋಳರಿದ್ದರೂ, ಬಿಡುಗಡೆಯಾದಾಗ ಅದರ ಬರಹವನ್ನು ಓದಲು ದೊರೆತ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇರಲಿಲ್ಲ, ಮಲಯಾಳವೂ ಇರಲಿಲ್ಲ, ತೆಲುಗು ತಮಿಳುಗಳೂ ಇರಲಿಲ್ಲ. ಭಾರತದ ಒಂದು ಭಾಷೆಯೂ ಇರಲಿಲ್ಲ. ಪೋಲಿಷ್ ಇತ್ತು, ಕೊರಿಯನ್ ಇತ್ತು. ಜನಸಂಖ್ಯೆಯ ಲೆಕ್ಕ ಹಿಡಿದರೆ ನಾವೇನೂ ಪೋಲಿಷ್ ನುಡಿಯುವವರಿಗಿಂತ ಕಡಿಮೆಯಲ್ಲ. ಆ ಭಾಷೆಯವರು ತಮ್ಮ ಭಾಷೆಯಲ್ಲಿ ಆಡುತ್ತಾರೆ, ಕೊಳ್ಳುತ್ತಾರೆ, ಇಲ್ಲದಿದ್ದರೆ ಕೇಳುತ್ತಾರೆ. ನಮ್ಮವರು ಇಂಗ್ಲಿಷಿನಲ್ಲೇ ಹೇಗೋ ಸುಧಾರಿಸಿಕೊಳ್ಳುತ್ತಾರೆ. ಸುಧಾರಿಸಿಕೊಳ್ಳುವವರಿಗಾಗಿ ಯಾವ ಕಂಪೆನಿಯೂ ಖರ್ಚು ಮಾಡುವುದಿಲ್ಲ, ಯಾವ ಕಚೇರಿಯೂ ಬೇರೆ ಫಾರಂ ಅಚ್ಚು ಹಾಕಿಸುವುದಿಲ್ಲ. ಕನ್ನಡದಲ್ಲಿ ಅರ್ಜಿ ಬರೆದು, ಕನ್ನಡದಲ್ಲೇ ಉತ್ತರ ಬೇಕೆಂದು ಕಾದು ಕುಳಿತ ಹಿರಿಯರನ್ನು ಕಂಡ ನಮ್ಮ ಜಿಲ್ಲೆಯವರಿಗೆ ಇದು ಹೊಸ ಮಾತಲ್ಲ.

ಆದುದರಿಂದ ನಮ್ಮ ಮನೆಗಳಲ್ಲಿ ಇಂತಹ ಆಟಗಳನ್ನು ಆಡುವ ಹುಡುಗ ಹುಡುಗಿಯರು ಬೇಸರದಿಂದ ಬಂದು ಏನಾದರೂ ಹೇಳಿದರೆ ಗದರಬೇಡಿ, ಏನಿಲ್ಲವೆಂದು ಕೇಳಿ. ಇಲ್ಲದ್ದನ್ನು ತಯಾರಕರಿಗೆ ಬರೆಯಲು ಹೇಳಿ. ಹೆಸರಿಡಲು ಬರಬೇಕೆಂದೂ, ಅದು ಕನ್ನಡ ಅಕ್ಷರದಲ್ಲಿಯೇ ಬರಬೇಕೆಂದೂ ಸೇರಿಸಿ ಬರೆಯಲಿ. ಪ್ರೋಗ್ರಾಮಿಂಗ್ ಕಲಿತ ತರುಣರು ನಮ್ಮಲ್ಲೂ ಇದ್ದಾರೆ. ಅವರಲ್ಲಿ ಯಾರಾದರೂ ಚೆನ್ನೆಮಣೆಯನ್ನೋ ಹುಲಿ-ಕುರಿಯನ್ನೋ ಫೋನಿಗೆ ಇಳಿಸುವುದಾದರೆ, ಗರ್ಜನೆ ಬಣ್ಣಗಳಿಗಿಂತ ಮೊದಲು 'ನಿಮ್ಮ ಊರಿನಲ್ಲಿ ಎಷ್ಟು ಹುಲಿ?' ಎಂದು ಕೇಳುವ ಒಂದು ಸಾಲನ್ನು ಸೇರಿಸಲಿ.

ಅಲ್ಲಿಯವರೆಗೆ ಸೀಮೆಸುಣ್ಣವಂತೂ ಎಲ್ಲ ಅಂಗಡಿಗಳಲ್ಲಿ ಸಿಗುತ್ತದೆ. ಈ ರಜೆಯಲ್ಲಿ ಮಕ್ಕಳನ್ನು ಜಗಲಿಯಲ್ಲಿ ಕೂರಿಸಿ ಒಂದು ತ್ರಿಕೋನ ಬರೆದುಕೊಡಿ. ನಿಯಮವನ್ನು ಅವರೇ ಮಾತಾಡಿ ಗೊತ್ತುಮಾಡಿಕೊಳ್ಳಲಿ.